ಆಗ ಡ್ಯೂಟಿಯಲ್ಲಿ ಯಾರಿದ್ದರು?

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗಲೆಲ್ಲ ನಾನು ಯಾವುದಾದರೊಂದು ತಿಂಡಿ ಮಾಡುವ ವಿಧಾನವನ್ನು ಬರೆದುಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಹೋದ ಸಲದ "ಓವನ್ನಿನಲ್ಲಿ ಕೋಡುಬಳೆ"ಯನ್ನು ಓದಿ ಮಾಡಿ ನೋಡಿದವರು ಇಬ್ಬರು. ಅವರಲ್ಲಿ ಒಬ್ಬರು ಈಗ ನನ್ನೊಡನೆ ಅಷ್ಟಾಗಿ ಮಾತನಾಡುತ್ತಿಲ್ಲ. ಆದ್ದರಿಂದ ಈ ಬಾರಿ ಅಡಿಗೆಮನೆಯನ್ನು ಬಿಟ್ಟು ಆಸ್ಪತ್ರೆಯ ವಿಷಯ ಬರೆಯುತ್ತಿದ್ದೇನೆ. ನಾನು ವೈದ್ಯಳೂ ಅಲ್ಲ, ದಾದಿಯೂ ಅಲ್ಲ. ತಪ್ಪಿದ್ದರೆ ನಮ್ಮ ಸಂಘದಲ್ಲಿರುವ ಅನೇಕ ಡಾಕ್ಟರುಗಳು ತಿದ್ದಬೇಕಾಗಿ ವಿನಂತಿ.

2016ರ ಅಕ್ಟೋಬರಿನಲ್ಲಿ, ನವರಾತ್ರಿಯ ಹೊತ್ತಿಗೆ, ಮೈಸೂರಿನಿಂದ ನನ್ನ ದೊಡ್ಡಮ್ಮ ಹೂಸ್ಟನ್ನಿನ ನಮ್ಮ ಮನೆಗೆ ಬಂದಿದ್ದರು. ನನ್ನ ತಾಯಿಯ ಅಕ್ಕ. ಆಗ ಅವರಿಗೆ ಎಪ್ಪತ್ತೆಂಟು. ಹಳೇ ಮೈಸೂರು ಸೀಮೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿ ದುಡಿದು ನಿವೃತ್ತರಾದವರು. ನಮ್ಮ ತಾತ ತೀರಿಕೊಂಡಾಗ ಮನೆಯಲ್ಲಿ ನಾಲ್ಕು ಮಕ್ಕಳು, ಇವರೇ ದೊಡ್ಡವರು. ಇವರ ಸಂಬಳದಲ್ಲಿ ನನ್ನ ಇಬ್ಬರು ಸೋದರಮಾವಂದಿರು ಓದಿದರು, ನನ್ನ ತಾಯಿಯ ಮದುವೆಯಾಯಿತು. ಇವರಿಗೆ ಮಾತ್ರ ಆಗಲಿಲ್ಲ. ನೈಟ್ ಡ್ಯೂಟಿ ಮಾಡುವ ಹೆಣ್ಣನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಆ ಕಾಲದವರು ಎದುರಿಗೇ ಹೇಳುತ್ತಿದ್ದರಂತೆ. ಮದುವೆಮನೆಗಳಲ್ಲಿ ಅವರನ್ನು ಪರಿಚಯಿಸುವಾಗ ನಮ್ಮವರು "ಗೌರ್ಮೆಂಟ್ ಸರ್ವೀಸಿನಲ್ಲಿದ್ದಾರೆ" ಎನ್ನುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ನರ್ಸ್ ಎಂಬ ಮಾತು ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ಯುದ್ಧ ನಡೆಯುತ್ತಿತ್ತು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ನಮ್ಮ ಮಗಳು ತಾನು ನರ್ಸಿಂಗ್ ಓದುವುದಾಗಿ ಹೇಳಿದ್ದಳು. "ಓದುವುದೇ ಆದರೆ ಡಾಕ್ಟರಿಗೆ ಓದು, ಇಲ್ಲದಿದ್ದರೆ ಕಂಪ್ಯೂಟರ್ ಸೈನ್ಸ್ ತೆಗೆದುಕೋ" ಎಂದು ಇವರು. ನಾನಾದರೋ ಎರಡು ವರ್ಷದ ಹಿಂದಿನ ಡಲ್ಲಾಸಿನ ಸಂಗತಿ ಎತ್ತಿದೆ. 2014ರ ಸೆಪ್ಟೆಂಬರಿನಲ್ಲಿ ಲೈಬೀರಿಯಾದಿಂದ ಬಂದಿದ್ದ ಥಾಮಸ್ ಎರಿಕ್ ಡಂಕನ್ ಎಂಬಾತನಿಗೆ ಎಬೋಲಾ ಜ್ವರವೆಂದು ತಿಳಿದದ್ದು, ಅಕ್ಟೋಬರ್ 8ರಂದು ಆತ ತೀರಿಕೊಂಡದ್ದು, ಆತನ ಶುಶ್ರೂಷೆ ಮಾಡಿದ ನೀನಾ ಫಾಮ್ ಮತ್ತು ಆಂಬರ್ ವಿನ್ಸನ್ ಎಂಬ ಇಬ್ಬರು ದಾದಿಯರಿಗೆ ಅದೇ ಜ್ವರ ಅಂಟಿದ್ದು ಎಲ್ಲರಿಗೂ ನೆನಪಿರಬಹುದು. "ಅವರಿಬ್ಬರೂ ಗುಣವಾದರಲ್ಲಮ್ಮ" ಎಂದಳು ಮಗಳು. "ಗುಣವಾಗದೆ ಇದ್ದಿದ್ದರೆ?" ಎಂದೆ ನಾನು. ದೊಡ್ಡಮ್ಮ ಅಲ್ಲೇ ಕುಳಿತು ಹುರುಳಿಕಾಯಿ ಸೋಸುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಅವರ ಎದುರಿಗೆ ನಾನು ಏನು ಹೇಳುತ್ತಿದ್ದೇನೆಂಬುದು ನನಗೆ ಆಗ ಹೊಳೆಯಲೂ ಇಲ್ಲ.

ಜಗಳ ತಣ್ಣಗಾಗಲೆಂದು ದೊಡ್ಡಮ್ಮನಿಗೆ ಊರು ತೋರಿಸುವ ನೆಪದಲ್ಲಿ ನಾಲ್ವರೂ ಕಾರಿನಲ್ಲಿ ಹೊರಟೆವು. ಮೊದಲು ಆಸ್ಟಿನ್, ಆಮೇಲೆ ಡಲ್ಲಾಸ್. ಪುಳಿಯೋಗರೆ, ಮೊಸರನ್ನ, ಒಂದು ಡಬ್ಬಿ ಚಕ್ಕುಲಿ ಜೊತೆಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಹೂಸ್ಟನ್ನಿನಿಂದ ಆಸ್ಟಿನ್ನಿಗೆ ಸುಮಾರು 165 ಮೈಲಿ. ಅಲ್ಲಿಯ ಸ್ನೇಹಿತರು ವಿಶ್ವವಿದ್ಯಾನಿಲಯದ 307 ಅಡಿ ಎತ್ತರದ ಗೋಪುರ ತೋರಿಸಿದರು. 1966ರ ಆಗಸ್ಟ್ 1ರಂದು ಬೆಳಿಗ್ಗೆ 11 ಗಂಟೆ 48 ನಿಮಿಷಕ್ಕೆ ಚಾರ್ಲ್ಸ್ ವಿಟ್ಮನ್ ಎಂಬ ವಿದ್ಯಾರ್ಥಿ ಅದರ ಮೇಲೆ ನಿಂತು ಕೆಳಗೆ ನಡೆದಾಡುತ್ತಿದ್ದವರ ಮೇಲೆ ಗುಂಡು ಹಾರಿಸತೊಡಗಿದ. ಪೋಲೀಸರು ಮೇಲೆ ಹತ್ತಿ ಅವನನ್ನು ಕೊಲ್ಲುವ ಹೊತ್ತಿಗೆ 96 ನಿಮಿಷ ಕಳೆದಿತ್ತು. ನಾವು ಹೋಗುವುದಕ್ಕೆ ಎರಡು ತಿಂಗಳ ಮುಂಚೆ, ಐವತ್ತು ವರ್ಷ ತುಂಬಿದ ದಿನ, ಸತ್ತವರ ಹೆಸರುಗಳಿರುವ ಹೊಸ ಶಿಲೆಯೊಂದನ್ನು ಅಲ್ಲಿ ನಿಲ್ಲಿಸಿದ್ದರು. ಎಲ್ಲರೂ ತಲೆಯೆತ್ತಿ ಗೋಪುರವನ್ನೇ ನೋಡುತ್ತಿದ್ದೆವು.

"ಪೆಟ್ಟು ತಿಂದೋರನ್ನ ಯಾವ ಆಸ್ಪತ್ರೆಗೆ ತಗೊಂಡು ಹೋದರು?" ಎಂದರು ದೊಡ್ಡಮ್ಮ.

ಅಲ್ಲೇ ಹತ್ತಿರದ ಬ್ರ್ಯಾಕನ್‌ರಿಜ್ ಆಸ್ಪತ್ರೆಗೆ. ಸುಮಾರು ಒಂದೂವರೆ ಗಂಟೆಯಲ್ಲಿ 39 ಜನ ಅಲ್ಲಿಗೆ ಬಂದರು. ಸೋಮವಾರ, ಮಧ್ಯಾಹ್ನದ ಊಟದ ಹೊತ್ತು. ಬೆಳಿಗ್ಗೆ ಎಂದಿನಂತೆ ಜ್ವರ, ಕೈಮುರಿತ ನೋಡುತ್ತಿದ್ದ ದಾದಿಯರು ಮಧ್ಯಾಹ್ನ ಯುದ್ಧಭೂಮಿಯ ಗಾಯಗಳನ್ನು ನೋಡಬೇಕಾಯಿತು. ಡ್ಯೂಟಿ ಇಲ್ಲದವರೂ ಸುದ್ದಿ ಕೇಳಿ ಬಂದರು. ಊರಿನ ಜನ ರಕ್ತ ಕೊಡಲು ಸಾಲುಗಟ್ಟಿ ನಿಂತರು. ಗಾಯಾಳುಗಳಲ್ಲಿ ಅನೇಕರನ್ನು ತಂದ ಗಾಡಿಗಳು ಶವಸಂಸ್ಕಾರದ ಅಂಗಡಿಯವರ ಗಾಡಿಗಳು. ಆಗಿನ ಕಾಲದಲ್ಲಿ ಈ ದೇಶದ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು ಅವರೇ. ಉದ್ದನೆಯ ವಾಹನ ಇದ್ದದ್ದು ಅವರಲ್ಲೇ ತಾನೇ! ಈಗ ನಾವು ಕೂತಲ್ಲಿಂದ ಒತ್ತುವ 911 ಕೂಡ ಆಗ ಇರಲಿಲ್ಲ. ಅದರ ಮೊದಲ ಕರೆ ಹೋದದ್ದು 1968ರ ಫೆಬ್ರವರಿಯಲ್ಲಿ, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ.

"ಹೆಣದ ಗಾಡೀಲೇ ಜೀವ ಇರೋರನ್ನೂ?" ಎಂದು ದೊಡ್ಡಮ್ಮ ಆಶ್ಚರ್ಯಪಟ್ಟರು. ಆಮೇಲೆ ತಾವೇ, "ನಮ್ಮಲ್ಲಿ ಎತ್ತಿನ ಗಾಡೀಲಿ ಹುಲ್ಲು ಹಾಸಿ ಕರಕೊಂಡು ಬರ್ತಿದ್ದರು. ಅದಕ್ಕಿಂತ ವಾಸಿ ಬಿಡು" ಎಂದರು.

ಮಾರನೆಯ ದಿನ ಡಲ್ಲಾಸ್. ಪುಸ್ತಕದ ಗೋದಾಮಾಗಿದ್ದ ಕಟ್ಟಡದ ಆರನೆಯ ಅಂತಸ್ತು 1989ರಿಂದ ವಸ್ತುಸಂಗ್ರಹಾಲಯ. 1963ರ ನವೆಂಬರ್ 22ರಂದು ಮಧ್ಯಾಹ್ನ 12.30ಕ್ಕೆ ಅಧ್ಯಕ್ಷ ಕೆನಡಿಯವರ ಮೇಲೆ ಗುಂಡು ಹಾರಿದ್ದು ಅಲ್ಲಿಂದ. ನಮ್ಮವರಿಗೆ ಈ ವಿಷಯದಲ್ಲಿ ಅಪಾರ ಪಾಂಡಿತ್ಯ. ಗುಂಡು ಎಷ್ಟು, ಯಾವ ಕೋನದಿಂದ, ಎಷ್ಟು ಸೆಕೆಂಡಿನಲ್ಲಿ ಎಂದು ಕಿಟಕಿಯ ಬಳಿ ನಿಂತು ಅರ್ಧ ಗಂಟೆ ವಿವರಿಸಿದರು. ದೊಡ್ಡಮ್ಮ ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ಆಸ್ಪತ್ರೆಗೆ ತಂದರಲ್ಲ, ಆಗ ಡ್ಯೂಟೀಲಿ ಯಾರಿದ್ದರು?" ಎಂದರು.

ಇವರು ಇಬ್ಬರು ಡಾಕ್ಟರುಗಳ ಹೆಸರು ಹೇಳಿದರು.

"ಡಾಕ್ಟರಲ್ಲಪ್ಪ. ಸಿಸ್ಟರ್ ಯಾರಿದ್ದರು?"

ಇವರಿಗೆ ಗೊತ್ತಿರಲಿಲ್ಲ. ನನಗಂತೂ ಆ ಪ್ರಶ್ನೆಯೇ ಎಂದೂ ಹೊಳೆದಿರಲಿಲ್ಲ. ಮಗಳು ಮಾತ್ರ ಆಗಲೇ ಫೋನು ತೆಗೆದು ಹುಡುಕತೊಡಗಿದ್ದಳು. ಕೆನಡಿಯವರ ಕೊಲೆಯನ್ನು ವಿಚಾರಿಸಿದ ವಾರೆನ್ ಆಯೋಗ 1964ರಲ್ಲಿ ವರದಿಯ ಜೊತೆಗೆ 26 ಸಂಪುಟಗಳಲ್ಲಿ ಸಾಕ್ಷ್ಯಗಳನ್ನೂ ಅಚ್ಚುಹಾಕಿಸಿತು. ಅವುಗಳಲ್ಲಿ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ದಾದಿಯರ ಹೇಳಿಕೆಗಳೂ ಇವೆ. ಹ್ಯಾರಿ ಹೈನ್ಸ್ ರಸ್ತೆಗೆ ಹೋಗಿ, ಆ ಆಸ್ಪತ್ರೆಯ ಎದುರು ಕಾರು ನಿಲ್ಲಿಸಿ, ಮಗಳು ಅವನ್ನು ಓದಿ ತನ್ನ ಅರೆಬರೆ ಕನ್ನಡದಲ್ಲಿ ದೊಡ್ಡಜ್ಜಿಗೆ ಹೇಳಿದಳು. ಅವಳು ಅಷ್ಟು ಹೊತ್ತು ಒಂದೇ ಸಮನೆ ಕನ್ನಡ ಮಾತನಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಪಾರ್ಕ್‌ಲ್ಯಾಂಡ್ 1894ರಲ್ಲಿ ಆರಂಭವಾದದ್ದು. ಡಲ್ಲಾಸ್ ಕೌಂಟಿಯ ಸಾರ್ವಜನಿಕ ಆಸ್ಪತ್ರೆ. ಕೈಯಲ್ಲಿ ಕಾಸಿಲ್ಲದವರೂ ಬಂದು ಸೇರುವ ಜಾಗ. ಅಂದು ಅದರ ತುರ್ತು ಚಿಕಿತ್ಸಾ ವಿಭಾಗದ ಮೇಲ್ವಿಚಾರಕಿ ಡೋರಿಸ್ ನೆಲ್ಸನ್. ಗುಂಡು ಹಾರಿದ ಮೂರು ನಾಲ್ಕು ನಿಮಿಷಕ್ಕೆ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಕೆಗೆ ಫೋನು ಮಾಡಿ, ಅಧ್ಯಕ್ಷರಿಗೆ ಗುಂಡು ತಗುಲಿದೆ, ಇಲ್ಲಿಗೇ ಕರೆತರುತ್ತಿದ್ದಾರೆ ಎಂದಳು. ತಮಾಷೆ ಸಾಕು ಎಂದಳಂತೆ ನೆಲ್ಸನ್. ಇಲ್ಲ, ಪೋಲೀಸರೇ ಲೈನಿನಲ್ಲಿದ್ದಾರೆ ಎಂದು ಆಪರೇಟರ್ ಹೇಳಿದ ಮೇಲೆ ಅಲ್ಲಿದ್ದ ಕಿರಿಯ ಡಾಕ್ಟರಿಗೆ ತಿಳಿಸಿ, ಒಂದನೆಯ ನಂಬರಿನ ಕೋಣೆಗೆ ಹೋಗಿ, ರಕ್ತನಾಳಕ್ಕೆ ಏರಿಸುವ ದ್ರವದ ಬಾಟಲಿ ತೆರೆದು ಸಿದ್ಧಮಾಡಿದಳು. ಆಕೆಗೆ ಸಿಕ್ಕಿದ್ದು ಕೆಲವೇ ನಿಮಿಷ.

"ಸರಿಯಾಗಿ ಮಾಡಿದಳು" ಎಂದರು ದೊಡ್ಡಮ್ಮ. "ಕೈ ನಡುಗೋದಕ್ಕೆ ಮುಂಚೆ ಬಾಟಲಿ ತೆಗೆದುಬಿಡಬೇಕು. ಆಮೇಲೆ ರಬ್ಬರ್ ನಳಿಗೆ ಸಿಕ್ಕೋದಿಲ್ಲ, ಸೂಜಿ ಸಿಕ್ಕೋದಿಲ್ಲ."

ಸ್ಟ್ರೆಚರ್ ತನ್ನಿ ಎಂದು ಯಾರೋ ಕೂಗಿದಾಗ ಹೊರಗೋಡಿದವಳು ಡಯಾನಾ ಬೋರನ್. ಇಪ್ಪತ್ತೆರಡರ ಆಸುಪಾಸಿನ ಇಂಗ್ಲೆಂಡಿನ ಹುಡುಗಿ. ಅಲ್ಲಿ ತರಬೇತಿ ಮುಗಿಸಿ ಆ ವರ್ಷದ ಆಗಸ್ಟಿನಲ್ಲಷ್ಟೇ ಟೆಕ್ಸಸ್ಸಿಗೆ ಬಂದು ಕೆಲಸಕ್ಕೆ ಸೇರಿದ್ದಳು. ಈ ದೇಶಕ್ಕೆ ಬಂದು ನಾಲ್ಕು ತಿಂಗಳೂ ತುಂಬಿರಲಿಲ್ಲ. ನಮ್ಮಲ್ಲಿ ಯಾರಿಗೆ ಬಂದ ಮೊದಲ ನಾಲ್ಕು ತಿಂಗಳು ನೆನಪಿಲ್ಲ ಹೇಳಿ! ಬ್ಯಾಂಕಿನ ಗುಮಾಸ್ತನ ಮಾತು ನನಗೆ ಆಗ ಎರಡು ಸಲ ಹೇಳಿದರೂ ತಿಳಿಯುತ್ತಿರಲಿಲ್ಲ. ಈ ಹುಡುಗಿ ಕಾರಿನ ಬಳಿ ಹೋಗಿ ನೋಡಿದರೆ ನಡುವಿನ ಸೀಟಿನಲ್ಲಿ ಗವರ್ನರ್ ಕಾನಲಿಯವರಿಗೂ ಗುಂಡು ತಗುಲಿದೆ. ಅವರನ್ನು ಇಳಿಸದೆ ಹಿಂದಿನವರನ್ನು ತೆಗೆಯುವಂತಿಲ್ಲ. ಹಿಂದಿನ ಸೀಟಿನಲ್ಲಿ ಶ್ರೀಮತಿ ಕೆನಡಿ ಗಂಡನ ತಲೆಯನ್ನು ಹಿಡಿದು ಕುಳಿತಿದ್ದಾರೆ. ಇತರರೊಡನೆ ಕೈಜೋಡಿಸಿ ಅಧ್ಯಕ್ಷರನ್ನು ಎತ್ತಿ ಮಲಗಿಸಿ ಒಂದನೆಯ ಕೋಣೆಗೆ ತಳ್ಳಿಕೊಂಡು ಬಂದಳು. ಅವಳೂ, ಹನ್ನೆರಡು ವರ್ಷ ಅನುಭವವಿದ್ದ ಮಾರ್ಗರೆಟ್ ಹೆಂಚ್‌ಕ್ಲಿಫ್ ಎಂಬ ನರ್ಸೂ ಸೇರಿ ಬಟ್ಟೆಗಳನ್ನು ಕತ್ತರಿಸಿ ತೆಗೆದರು. ತುರ್ತು ವಿಭಾಗದ ದಾಖಲೆಯಲ್ಲಿ ಆ ರೋಗಿಯ ಸಂಖ್ಯೆ 24740.

ಮೊದಲು ನೋಡಿದ ಡಾಕ್ಟರ್ ಚಾರ್ಲ್ಸ್ ಕ್ಯಾರಿಕೋ. ಮುಖ್ಯ ಶಸ್ತ್ರವೈದ್ಯ ಟಾಮ್ ಶೈರ್ಸ್ ಅವರನ್ನು ಆಸ್ಪತ್ರೆಯ ಮೈಕಿನಲ್ಲಿ ಕೂಗಿದರು. ಅವರು ಆ ದಿನ ಗ್ಯಾಲ್ವೆಸ್ಟನ್ನಿನಲ್ಲಿದ್ದರು. ಊಟಕ್ಕೆ ಕುಳಿತಿದ್ದ ಮ್ಯಾಲ್ಕಮ್ ಪೆರಿ ಎದ್ದು ಬಂದು ಗಂಟಲಿನಲ್ಲಿ ರಂಧ್ರ ಮಾಡಿ ಉಸಿರಿನ ನಳಿಗೆ ಇಟ್ಟರು. ಎದೆಯ ಮೇಲಿಂದ ಕೈಯಿಂದ ಒತ್ತಿ ಹೃದಯವನ್ನು ನಡೆಸಲು ನೋಡಿದರು. ಆ ಕ್ರಮ ಆಗ ತೀರ ಹೊಸದು. ಜಾನ್ಸ್ ಹಾಪ್‌ಕಿನ್ಸಿನ ಮೂವರು ಅದನ್ನು ಪ್ರಕಟಿಸಿ ಮೂರೇ ವರ್ಷವಾಗಿತ್ತು. ಮಧ್ಯಾಹ್ನ 1 ಗಂಟೆಗೆ ಡಾಕ್ಟರ್ ಕೆಂಪ್ ಕ್ಲಾರ್ಕ್ ಪ್ರಾಣ ಹೋಯಿತೆಂದು ಘೋಷಿಸಿದರು. ಪಕ್ಕದ ಕೋಣೆಯಿಂದ ಶಸ್ತ್ರಚಿಕಿತ್ಸೆಗೆ ಹೋದ ಕಾನಲಿ ಬದುಕಿಕೊಂಡರು. 1993ರವರೆಗೂ ಇದ್ದರು.

ನಡುವೆ ಒಂದು ಪ್ರಸಂಗ. ಶ್ರೀಮತಿ ಕೆನಡಿ ಒಳಗೆ ಬರುತ್ತೇನೆಂದಾಗ ನೆಲ್ಸನ್ ಬಾಗಿಲಲ್ಲಿ ತಡೆದಳು. ಅಧ್ಯಕ್ಷರ ಸ್ವಂತ ವೈದ್ಯ ಬರ್ಕ್ಲಿ ಹೇಳಿದ ಮೇಲೆ ಒಳಗೆ ಬಿಟ್ಟರು. ಇದನ್ನು ಕೇಳಿ ನಾನು, ಎಂಥ ಕಲ್ಲು ಮನಸ್ಸಪ್ಪ ಎಂದೆ.

"ನಾನಾಗಿದ್ದರೂ ತಡೀತಿದ್ದೆ ಕಣೇ" ಎಂದರು ದೊಡ್ಡಮ್ಮ. "ಒಳಗೆ ಬಂದೋರು ಮೂರ್ಛೆ ಬಿದ್ದರೆ ಇದ್ದ ಇಬ್ಬರಲ್ಲಿ ಒಬ್ಬಳು ಅವರನ್ನ ನೋಡಬೇಕು. ಒಳಗಿರೋನಿಗೆ ಯಾರು?" ಸ್ವಲ್ಪ ಹೊತ್ತು ಬಿಟ್ಟು, "ಆದರೆ ಆ ತಾಯಿ ಒಳಗೆ ಹೋದದ್ದೂ ಸರಿಯೇ" ಎಂದರು.

ಎಲ್ಲ ಮುಗಿದ ಮೇಲೆ ಡಾಕ್ಟರುಗಳು ಹೊರಟರು. ಕೋಣೆಯಲ್ಲಿ ಉಳಿದವರು ಬೋರನ್, ಹೆಂಚ್‌ಕ್ಲಿಫ್ ಮತ್ತು ಒಬ್ಬ ಆಸ್ಪತ್ರೆಯ ಸಹಾಯಕ. ಅವರು ದೇಹವನ್ನು ಒರೆಸಿ, ಬಿಳಿ ಬಟ್ಟೆ ಸುತ್ತಿ, ನೆಲ ಸ್ವಚ್ಛಮಾಡಿದರು. ಬಟ್ಟೆ ಕತ್ತರಿಸುವಾಗ ಬೋರನ್ ಅಧ್ಯಕ್ಷರ ಕೈಗಡಿಯಾರವನ್ನು ಬಿಚ್ಚಿ ತನ್ನ ಸಮವಸ್ತ್ರದ ಜೇಬಿಗೆ ಹಾಕಿಕೊಂಡಿದ್ದಳು. ಆ ಗದ್ದಲದಲ್ಲಿ ಅದನ್ನು ಸಂಪೂರ್ಣ ಮರೆತೇಬಿಟ್ಟಳು. ನೆನಪಾದಾಗ ಆಸ್ಪತ್ರೆಯ ಭದ್ರತಾ ಅಧಿಕಾರಿಯ ಕೈಗೆ ಕೊಟ್ಟಳು. ಮರುವರ್ಷದ ಮಾರ್ಚಿನಲ್ಲಿ ಆಯೋಗದ ವಕೀಲ ಆರ್ಲೆನ್ ಸ್ಪೆಕ್ಟರ್ ವಿಚಾರಿಸಿದಾಗ ಇದನ್ನು ಅವಳು ಪ್ರಮಾಣ ಮಾಡಿ ಹೇಳಿದಳು.

ಗಡಿಯಾರದ ಮಾತು ಬಂದಾಗ ದೊಡ್ಡಮ್ಮ ಮಗಳ ಕೈ ಹಿಡಿದು, "ಅದನ್ನ ಇನ್ನೊಂದು ಸಲ ಓದು" ಎಂದರು.

ಮನೆಗೆ ವಾಪಸು ಬರುವಾಗ 240 ಮೈಲಿ ದಾರಿಯಲ್ಲಿ ಅವರು ಹೇಳಿದ ಕಥೆ ಇದು. ನನ್ನ ತಾಯಿಗೂ ಇದು ಗೊತ್ತಿರಲಿಲ್ಲ.

"ಅದೂ ಅರವತ್ತರ ದಶಕವೇ. ಜಿಲ್ಲಾ ಕೇಂದ್ರದ ಆಸ್ಪತ್ರೆ. ನೈಟ್ ಡ್ಯೂಟಿ, ನಲವತ್ತು ಹಾಸಿಗೆಗೆ ನಾನೊಬ್ಬಳು, ಆಯಾ ಒಬ್ಬಳು. ಸಂಜೆ ಹೆರಿಗೆಯಾಗಿ ಮಗು ಪಕ್ಕದಲ್ಲಿ ಮಲಗಿಸಿಕೊಂಡಿದ್ದ ಹೆಂಗಸು ರಾತ್ರಿ ಎರಡು ಗಂಟೆಗೆ 'ಅಕ್ಕಾ, ತಲೆ ಸುತ್ತುತ್ತೆ' ಅಂದಳು. ಕಂಬಳಿ ತೆಗೆದು ನೋಡಿದರೆ ಹಾಸಿಗೆಯೆಲ್ಲ ರಕ್ತ. ನಾಡಿ ಹಿಡಿದರೆ ದಾರದ ಎಳೆ. ಡಾಕ್ಟರಮ್ಮನ ಮನೆಗೆ ವಾರ್ಡ್ ಬಾಯನ್ನ ಸೈಕಲ್ಲಿನಲ್ಲಿ ಓಡಿಸಿದೆ. ಮಂಚದ ಕಾಲ ಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಹೊಟ್ಟೆ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗೋ ಹಾಗೆ ಉಜ್ಜುತ್ತಾ ಇಂಜೆಕ್ಷನ್ ಕೊಟ್ಟೆ. ಡಾಕ್ಟರಮ್ಮ ಬಂದು ಥಿಯೇಟರಿಗೆ ತಗೋಬೇಕು ಅಂದರು. ಥಿಯೇಟರಿಗೆ ಹೋಗೋರ ಮೈಮೇಲೆ ಚಿನ್ನ ಇರಬಾರದು. ತಾಳಿ ಬಿಚ್ಚಿ, ಒಂದು ತುಂಡು ಗಾಜ್ ಬಟ್ಟೇಲಿ ಕಟ್ಟಿ, ಏಪ್ರನ್ ಜೇಬಿಗೆ ಹಾಕಿಕೊಂಡೆ. ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿ ಇಡಬೇಕು. ಆಗ ಬರೀತಾ ಕೂತರೆ ಅವಳು ಉಳೀತಿರಲಿಲ್ಲ."

"ಉಳಿದಳಾ?" ಎಂದಳು ಮಗಳು.

"ಉಳಿದಳು. ಬೆಳಗಿನ ಜಾವಕ್ಕೆ ನಾಡಿ ಬಂತು. ಡ್ಯೂಟಿ ಮುಗಿಸಿ ಎರಡು ಮೈಲಿ ನಡೆದು ಮನೆಗೆ ಬಂದು ಸ್ನಾನಕ್ಕೆ ಅಂತ ಏಪ್ರನ್ ಬಿಚ್ಚಿದರೆ ತಾಳಿ ಜೇಬಿನಲ್ಲೇ ಇದೆ. ನನ್ನ ಜೀವ ಹಾರಿಹೋಯ್ತು. ಹಾಗೇ ವಾಪಸು ಓಡಿದೆ. ಅಷ್ಟು ಹೊತ್ತಿಗೆ ಅವಳ ಗಂಡ, ಅತ್ತೆ ಬಂದು, ತಾಳಿ ಎಲ್ಲಿ ಅಂತ ಗಲಾಟೆ ಮಾಡಿ, ಆಯಾನೇ ಕದ್ದಿದಾಳೆ ಅಂತ ಅವಳ ಸೀರೆ ಸೆರಗೆಲ್ಲ ಬಿಡಿಸಿ ನೋಡಿದ್ದರು. ಅವಳು ಮೂಲೇಲಿ ಕೂತು ಅಳುತಿದ್ದಳು. ಇಪ್ಪತ್ತು ವರ್ಷ ಅಲ್ಲಿ ಕಸ ಗುಡಿಸಿದೋಳು, ಒಂದು ಪೈಸ ಮುಟ್ಟಿದೋಳಲ್ಲ. ತಾಳಿ ಕೊಟ್ಟೆ. ತಪ್ಪು ನನ್ನದು ಅಂತ ಎಲ್ಲರ ಎದುರಿಗೂ ಹೇಳಿದೆ. ಗಂಡ ನನಗೆ ಕೈಮುಗಿದ. ಆಯಾ ಕಡೆ ತಿರುಗಿ ಕೂಡ ನೋಡಲಿಲ್ಲ. ನಾನೇ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತುಕೊಂಡೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವಳೇ, 'ನೀವು ಇನ್ನೂ ಕಾಫಿ ಕುಡಿದಿಲ್ಲವಲ್ಲ ಸಿಸ್ಟರಮ್ಮ' ಅಂದಳು."

ಕಾರಿನಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಇವರು ರೇಡಿಯೋ ಆರಿಸಿದರು.

ಇನ್ನೊಂದು ಲೆಕ್ಕವನ್ನು ಮಗಳು ಹಾಕಿದಳು. ಡಲ್ಲಾಸಿನಲ್ಲಿ ಮಧ್ಯಾಹ್ನ 12.30 ಆದಾಗ ಭಾರತದಲ್ಲಿ ಸರಿಯಾಗಿ ನಡುರಾತ್ರಿ 12 ಗಂಟೆ. ನೆಲ್ಸನ್ ಬಾಟಲಿ ತೆರೆಯುತ್ತಿದ್ದಾಗ ದೊಡ್ಡಮ್ಮ ಎಲ್ಲಿದ್ದರು ಎಂದು ಕೇಳಿದಳು. "ಆ ವಾರ ನನಗೆ ನೈಟು. ವಾರ್ಡಿನಲ್ಲೇ ಇದ್ದೆ. ಬೆಳಿಗ್ಗೆ ಮನೆಗೆ ಹೋದ ಮೇಲೆ ರೇಡಿಯೋದಲ್ಲಿ ಕೇಳಿದೆ" ಎಂದರು.

ಪಾರ್ಕ್‌ಲ್ಯಾಂಡಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ದಿನ ಕಳೆದು, ನವೆಂಬರ್ 24ರ ಭಾನುವಾರ, ಕೊಲೆಯ ಆಪಾದನೆ ಹೊತ್ತ ಓಸ್ವಾಲ್ಡನಿಗೆ ಪೋಲೀಸ್ ಠಾಣೆಯಲ್ಲೇ ಗುಂಡು ತಗುಲಿ ಅವನನ್ನೂ ಅದೇ ಆಸ್ಪತ್ರೆಗೆ ತಂದರು. ಶೈರ್ಸ್, ಪೆರಿ ಮತ್ತಿತರರು ಅವನನ್ನು ಉಳಿಸಲು ಶಸ್ತ್ರಚಿಕಿತ್ಸೆ ಮಾಡಿದರು. ಊರೆಲ್ಲ ಶಪಿಸುತ್ತಿದ್ದ ಮನುಷ್ಯನಿಗೂ ಅದೇ ರಕ್ತದ ಬಾಟಲಿ, ಅದೇ ಕೈಗಳು. ಮಧ್ಯಾಹ್ನ 1 ಗಂಟೆ 7 ನಿಮಿಷಕ್ಕೆ ಅವನೂ ತೀರಿಕೊಂಡ. ಆ ಒಂದನೆಯ ಕೋಣೆ ಈಗಿಲ್ಲ. ಎಪ್ಪತ್ತರ ದಶಕದಲ್ಲಿ ಕಟ್ಟಡ ಬದಲಾಯಿಸುವಾಗ ಹೋಯಿತು. ಅದರ ಸಾಮಾನುಗಳನ್ನು ಸರ್ಕಾರ ಕೊಂಡು ಕಣ್ಣಿಗೆ ಬೀಳದಂತೆ ಇಟ್ಟಿದೆ. 2015ರಲ್ಲಿ ಆಸ್ಪತ್ರೆಯೇ ರಸ್ತೆಯಾಚೆಯ ಹೊಸ ಕಟ್ಟಡಕ್ಕೆ ಹೋಯಿತು. ಆಸ್ಟಿನ್ನಿನ ಬ್ರ್ಯಾಕನ್‌ರಿಜ್ ಕೂಡ 2017ರ ಮೇ ತಿಂಗಳಲ್ಲಿ ಮುಚ್ಚಿ, ಅದರ ಕೆಲಸ ಹೊಸ ಡೆಲ್ ಸೀಟನ್ ಆಸ್ಪತ್ರೆಗೆ ಹೋಯಿತು.

ಇಷ್ಟೆಲ್ಲ ಹೇಳಿ ನಮ್ಮ ಹೂಸ್ಟನ್ನನ್ನು ಬಿಟ್ಟರೆ ಇಲ್ಲಿಯವರು ನನ್ನನ್ನು ಬಿಡುವುದಿಲ್ಲ. 2001ರ ಜೂನ್ 8, ಶುಕ್ರವಾರ ರಾತ್ರಿ. ಆಲಿಸನ್ ಎಂಬ ಬಿರುಗಾಳಿಯ ಮಳೆ. ಆ ರಾತ್ರಿ ನೆಂಟರ ಮನೆಯಲ್ಲೋ ದಾರಿಯಲ್ಲೋ ಸಿಕ್ಕಿಕೊಂಡವರು ನಮ್ಮ ಸಂಘದಲ್ಲಿ ಈಗಲೂ ಅನೇಕರಿದ್ದಾರೆ. ಟೆಕ್ಸಸ್ ಮೆಡಿಕಲ್ ಸೆಂಟರಿನ ನೆಲಮಾಳಿಗೆಗಳಿಗೆ ನೀರು ನುಗ್ಗಿತು. ಮೆಮೋರಿಯಲ್ ಹರ್ಮನ್ ಆಸ್ಪತ್ರೆಯಲ್ಲಿ ವಿದ್ಯುತ್ತೂ ಹೋಯಿತು, ತುರ್ತಿನ ಜನರೇಟರಿನ ವಿದ್ಯುತ್ತೂ ಹೋಯಿತು. ಉಸಿರಾಟದ ಯಂತ್ರಗಳು ನಿಂತವು. ಲಿಫ್ಟಿಲ್ಲ, ದೀಪವಿಲ್ಲ. ದಾದಿಯರು ರೋಗಿಯ ಬಾಯಿಯ ನಳಿಗೆಗೆ ರಬ್ಬರಿನ ಚೀಲ ಸಿಕ್ಕಿಸಿ ಕೈಯಿಂದ ಒತ್ತಿ ಉಸಿರು ಕೊಟ್ಟರು. ಐದಾರು ಸೆಕೆಂಡಿಗೊಮ್ಮೆ ಒತ್ತಬೇಕು. ಗಂಟೆಗೆ ಆರುನೂರಕ್ಕೂ ಹೆಚ್ಚು ಸಲ. ಟಾರ್ಚಿನ ಬೆಳಕಿನಲ್ಲಿ ರೋಗಿಗಳನ್ನು ಮೆಟ್ಟಿಲ ಮೇಲೆ ಹೊತ್ತು ಇಳಿಸಿದರು. ಸುಮಾರು 540 ರೋಗಿಗಳನ್ನು ಹೀಗೆ ಬೇರೆ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು.

ಹೆಸರು ಬರೆಯಬೇಡಿ ಎಂದು ಆಣೆ ಹಾಕಿರುವ ನಮ್ಮ ಸದಸ್ಯೆಯೊಬ್ಬರು ಆ ರಾತ್ರಿ ಬೇರೊಂದು ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿದರು. ಒತ್ತುವ ಲೆಕ್ಕ ತಪ್ಪದಿರಲೆಂದು ಮನಸ್ಸಿನಲ್ಲಿ ಕನ್ನಡದಲ್ಲೇ ಎಣಿಸುತ್ತಿದ್ದರಂತೆ. ನೂರು ಮುಗಿದರೆ ಮತ್ತೆ ಒಂದರಿಂದ. ಹದಿನೈದು ವರ್ಷದಿಂದ ನಮ್ಮ ಯುಗಾದಿ, ದೀಪಾವಳಿಗಳಲ್ಲಿ ಅವರೊಡನೆ ಹೋಳಿಗೆ ತಿಂದಿದ್ದೇನೆ. ಡಲ್ಲಾಸಿನಿಂದ ಬಂದ ಮೇಲಷ್ಟೇ ಅವರನ್ನು ಇದರ ಬಗ್ಗೆ ಕೇಳಿದ್ದು. "ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದು ನಕ್ಕರು.

ನಮ್ಮ ನೆರೆಯ ಮಲೆಯಾಳಿ ಕುಟುಂಬಗಳನ್ನು ನೋಡಿ. ಹೂಸ್ಟನ್, ಡಲ್ಲಾಸ್‌ಗಳಲ್ಲಿ ಎಷ್ಟೋ ಮನೆಗಳಲ್ಲಿ ಮೊದಲು ಬಂದವಳು ನರ್ಸ್ ಆಗಿದ್ದ ಹೆಂಡತಿ. ಗಂಡ, ಮಕ್ಕಳು, ತಮ್ಮಂದಿರು ಆಮೇಲೆ ಬಂದರು. ಇಲ್ಲಿಯ ಪರೀಕ್ಷೆ ಪಾಸಾಗಿ, ರಾತ್ರಿ ಪಾಳಿ ಮಾಡಿ, ಮನೆ ಕಟ್ಟಿದರು. ನಾವು ಕನ್ನಡಿಗರು ಹೆಚ್ಚಾಗಿ ಇಂಜಿನಿಯರುಗಳಾಗಿ, ಡಾಕ್ಟರುಗಳಾಗಿ ಬಂದವರು. ಅದಕ್ಕೋ ಏನೋ, ನಮ್ಮ ವೇದಿಕೆಯ ಮೇಲೆ ಶಾಲು ಹೊದಿಸುವಾಗ ನರ್ಸುಗಳ ಹೆಸರು ನಮಗೆ ನೆನಪಾಗುವುದಿಲ್ಲ. ದೊಡ್ಡಮ್ಮನನ್ನು "ಗೌರ್ಮೆಂಟ್ ಸರ್ವೀಸು" ಎಂದು ಪರಿಚಯಿಸಿದ ಮನೆಯಿಂದ ಬಂದವಳು ನಾನು. ಬೇರೆಯವರ ಮೇಲೆ ತಪ್ಪು ಹೊರಿಸುತ್ತಿಲ್ಲ.

ಮಗಳು ನರ್ಸಿಂಗ್ ಓದಿದಳು. ಈಗ ಹೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಅವಳು ಹೊರಡುವಾಗ ನನಗೆ ಈಗಲೂ ಭಯವೇ. ಭಯ ಹೋಯಿತೆಂದು ಬರೆದರೆ ಸುಳ್ಳಾದೀತು. ದೊಡ್ಡಮ್ಮ ಮೈಸೂರಿನಲ್ಲಿ ನನ್ನ ತಾಯಿಯ ಜೊತೆಗಿದ್ದಾರೆ. ಭಾನುವಾರ ಫೋನಿನಲ್ಲಿ ಅವರಿಬ್ಬರ ಮಾತು ಶುರುವಾದರೆ ನಮಗೆ ಸರದಿ ಬರುವುದಿಲ್ಲ. ರೋಗಿಯ ಒಡವೆ ತೆಗೆದರೆ ಮೊದಲು ಬರೆದಿಡು ಎಂದು ಪ್ರತಿ ಸಲವೂ ಹೇಳುತ್ತಾರೆ.

ಕೊನೆಗೆ ಒಂದೆರಡು ಕೆಲಸದ ಮಾತು. ಊರಿನಿಂದ ತಂದೆತಾಯಿ ಬಂದಾಗ ಅವರ ಮಾತ್ರೆಗಳ ಹೆಸರು, ಪ್ರಮಾಣ, ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಅವರು ನೋವನ್ನು ಕನ್ನಡದಲ್ಲೇ ಹೇಳುತ್ತಾರೆ. ಆಸ್ಪತ್ರೆಯಲ್ಲಿ ದುಭಾಷಿ ಬೇಕೆಂದು ಕೇಳಿ. ದೊಡ್ಡವರು ಯಾರಾದರೂ ಇದ್ದಕ್ಕಿದ್ದಂತೆ ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಮೊದಲು 911. ಕೂಡಲೇ ಎದೆಯ ನಡುಭಾಗದಲ್ಲಿ ಎರಡೂ ಕೈಯಿಟ್ಟು, ಕನಿಷ್ಠ ಎರಡು ಅಂಗುಲ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ಇದನ್ನು ಓದಿ ಕಲಿಯಲಾಗದು, ಕೈಯಿಂದಲೇ ಕಲಿಯಬೇಕು.

ಆದ್ದರಿಂದ ಸಂಘದ ಮುಂದಿನ ಸಮಾರಂಭದ ದಿನ ಊಟಕ್ಕೆ ಮುಂಚೆ ಒಂದು ಗಂಟೆ ಈ ತರಬೇತಿ ಇಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿದ್ದೇನೆ. ಕಲಿಸಲು ನಮ್ಮ ಸದಸ್ಯರಲ್ಲಿರುವ ನರ್ಸುಗಳೇ ಒಪ್ಪಿದ್ದಾರೆ. ಬರುವವರು ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ನೆಲದ ಮೇಲೆ ಮಂಡಿಯೂರಬೇಕಾದ್ದರಿಂದ ರೇಷ್ಮೆ ಸೀರೆ ಆಮೇಲೆ ಉಟ್ಟುಕೊಂಡರಾಯಿತು. ಆ ದಿನದ ಕೋಡುಬಳೆ ನಾನು ಮಾಡುವುದಿಲ್ಲವೆಂದು ಈಗಲೇ ಭರವಸೆ ಕೊಡುತ್ತೇನೆ.